ಈರಪ್ಪನವರು ಹತ್ತು ಎಣಿಸುತ್ತಿದ್ದರು

ಕೊಳವೆ ಕಳಚಿಕೊಳ್ಳಬಹುದಿತ್ತು. ಉಸಿರಿನ ಚೀಲ ಹಳೆಯದಾಗಿ ಮಡಿಕೆಯಲ್ಲಿ ಸೀಳಬಹುದಿತ್ತು. ಕೊಳವೆಯ ತಗ್ಗಿನಲ್ಲಿ ನೀರು ಕಟ್ಟಿಕೊಂಡು ಗಾಳಿಗೆ ಅಡ್ಡ ನಿಲ್ಲಬಹುದಿತ್ತು. ವಾಲ್ವಿನ ಬಿಲ್ಲೆ ಒದ್ದೆಯಾಗಿ ಅಂಟಿಕೊಂಡು, ರೋಗಿ ಬಿಟ್ಟ ಉಸಿರನ್ನೇ ರೋಗಿ ಮತ್ತೆ ಕುಡಿಯಬಹುದಿತ್ತು. ಆಕ್ಸಿಜನ್ ಸಿಲಿಂಡರ್ ಮುಗಿದು, ಬದಲಿ ಸಿಲಿಂಡರೂ ಮುಗಿದು, ಅದನ್ನು ತೆರೆಯುವ ಕೀಲಿ ಯಾರದೋ ಜೇಬಿನಲ್ಲಿ ದೇವನಹಳ್ಳಿಯ ಬಸ್ಸು ಹತ್ತಿರಬಹುದಿತ್ತು. ಕರೆಂಟು ಹೋಗಬಹುದಿತ್ತು, ಜನರೇಟರ್ ಕೆಮ್ಮಿ ಸುಮ್ಮನಾಗಬಹುದಿತ್ತು. ಸರ್ಜನ್ನರ ಮೊಣಕೈ ತಗುಲಿ ಗಂಟಲಿನ ಟ್ಯೂಬು ಜಾರಬಹುದಿತ್ತು.

ನಾನು ಅರಿವಳಿಕೆ ವೈದ್ಯೆ. ಆರ್.ಟಿ. ನಗರದ ಮನೆಯಿಂದ ಯಲಹಂಕದ ನಮ್ಮ ನರ್ಸಿಂಗ್ ಹೋಮಿಗೆ ಹೋಗುವ ದಾರಿಯಲ್ಲಿ ಈ ಪಟ್ಟಿಯನ್ನು ದಿನಾ ಬೆಳಿಗ್ಗೆ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತರೆ ಪಟ್ಟಿ ಇನ್ನೂ ಉದ್ದವಾಗುತ್ತಿತ್ತು. ಮನೆಯ ಗ್ಯಾಸ್ ಆರಿಸಿದೆನೇ, ಬೀಗ ಹಾಕಿದೆನೇ ಎಂಬುದೂ ಅದರಲ್ಲಿ ಸೇರಿಕೊಳ್ಳುತ್ತಿತ್ತು. ಒಮ್ಮೆ ಎಸ್ಟೀಮ್ ಮಾಲಿನ ಹತ್ತಿರದಿಂದ ವಾಪಸು ಬಂದು ನೋಡಿದಾಗ ಬೀಗ ಹಾಕಿತ್ತು, ಗ್ಯಾಸು ಆರಿತ್ತು, ಮನೆಯವರು ಒಳಗೇ ಕೂತು ಪೇಪರ್ ಓದುತ್ತಿದ್ದರು. ಅವರನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗಿದ್ದೆ.

ಈ ಪಟ್ಟಿಯನ್ನು ದಿನಾ ನಿಲ್ಲಿಸುತ್ತಿದ್ದುದು ಒಂದು ಧ್ವನಿ. ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಪಿನ ದಾರ ಕಟ್ಟಿಕೊಳ್ಳುತ್ತಿರುವಾಗ ಗೋಡೆಯಾಚೆಯ ಆಪರೇಷನ್ ಥಿಯೇಟರಿನಿಂದ ಅದು ಕೇಳಿಸುತ್ತಿತ್ತು. ಮಗ್ಗಿ ಒಪ್ಪಿಸುವ ಹುಡುಗನ ರಾಗ, ಅರವತ್ತರ ಹತ್ತಿರದ ಗಂಟಲು:

"ಒಂದ... ಎರಡ... ಮೂರ... ನಾಕ..."

ಹತ್ತರವರೆಗೆ. ಹತ್ತಾದ ಮೇಲೆ ಒಂದು ಕ್ಷಣ ಬಿಟ್ಟು, ಬಾಗಿಲ ಕಡೆಗೆ ಮುಖ ತಿರುಗಿಸಿ ನನಗೆಂದೇ ಹೇಳುತ್ತಿದ್ದ ಮಾತು: "ನಿಂತೈತ್ರಿ!"

ಅಷ್ಟು ಕೇಳಿದರೆ ಕ್ಯಾಪಿನ ಗಂಟು ಬಿಗಿದು ಒಳಗೆ ಹೋಗುತ್ತಿದ್ದೆ. ಬಿ.ಪಿ. ಮಾತ್ರೆ ಮಾಡದ ಕೆಲಸವನ್ನು ಆ ಒಂದು ಪದ ಮಾಡುತ್ತಿತ್ತು.

ಈರಪ್ಪನವರು ನಮ್ಮ ಥಿಯೇಟರ್ ಟೆಕ್ನಿಷಿಯನ್. ಬೈಲಹೊಂಗಲದ ಕಡೆಯವರು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತಿಗೆ ಹೆಬ್ಬಾಳದ ಹೊಗೆ ಹತ್ತಿರಲಿಲ್ಲ. ಎತ್ತರದ ಆಳು, ಬಿಳಿ ಮೀಸೆ, ಹಸಿರು ಕ್ಯಾಪಿನ ಅಂಚಿನಿಂದ ಅರ್ಧ ಇಣುಕುವ ವಿಭೂತಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನನ್ನು ಕರೆಯುತ್ತಿದ್ದುದು ಮಾತ್ರ "ಅಕ್ಕಾರ" ಎಂದು. ಮೊದಮೊದಲು ನನಗೆ ಕಸಿವಿಸಿಯಾಗಿ, "ಮೇಡಂ ಅನ್ನಿ ಸಾಕು" ಎಂದಿದ್ದೆ. "ಮೇಡಂ ಅಂದ್ರ ಯಾರರೆ ಆಗಬಹುದ್ರಿ. ಅಕ್ಕಾರ ಅಂದ್ರ ಬೈಯಾಕೂ ಬರತೈತಿ" ಎಂದರು. ಬೈಯುವ ಹಕ್ಕನ್ನು ಯಾರು ಯಾರಿಗೆ ಕೊಟ್ಟರು ಎಂಬುದು ಹದಿನಾಲ್ಕು ವರ್ಷವಾದರೂ ನನಗೆ ತಿಳಿಯಲಿಲ್ಲ.

ನಾನು ದೊಡ್ಡ ಕಾಲೇಜಿನ ಆಸ್ಪತ್ರೆಯಿಂದ ಈ ನಲವತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಬಂದ ದಿನ, ಇಲ್ಲಿನ ಹಳೆಯ ಯಂತ್ರದ ಸುತ್ತ ಎರಡು ಸಲ ತಿರುಗಿ ನೋಡಿದೆ. ಪರದೆ ಇಲ್ಲ, ಅಂಕಿ ಇಲ್ಲ. ಗಡಿಯಾರದಂಥ ಒಂದು ಮುಖ, ಅದರಲ್ಲೊಂದು ಸೂಜಿ. ಪುಸ್ತಕ ಎಲ್ಲಿದೆ ಎಂದು ಕೇಳಿದೆ. ಈರಪ್ಪನವರು ಎದೆ ಮುಟ್ಟಿಕೊಂಡರು.

"ಗಾಣದ ಎತ್ತ ನೋಡೀರೇನ್ರಿ ಅಕ್ಕಾರ? ಇದೂ ಹಂಗ. ಗಾಳಿ ಒಂದ ದಿಕ್ಕಿಗೆ ತಿರಗಬೇಕು. ಈ ಕೊಳವಿಯಾಗ ಹೋಗತೈತಿ, ಪೇಷಂಟ ಬಾಯಿ ಮುಟ್ಟತೈತಿ, ಆ ಕೊಳವಿಯಾಗ ವಾಪಸ ಬರತೈತಿ. ಬಂದದ್ದ ಹೊಲಸ ಗಾಳಿ. ಅದು ಈ ಸುಣ್ಣದ ಡಬ್ಬಿಯಾಗ ಹಾದು ಸ್ವಚ್ಛ ಆಗಿ ಮತ್ತ ತಿರಗತೈತಿ. ಎತ್ತ ಉಲ್ಟಾ ತಿರಗಿತು ಅಂದ್ರ ನಮ್ಮ ಕತಿ ಮುಗೀತು."

ಮೂರು ವರ್ಷ ಓದಿ ಪರೀಕ್ಷೆ ಬರೆದದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ಬಿಟ್ಟದ್ದೇನೂ ಇರಲಿಲ್ಲ. ಸುಣ್ಣ ಅಂದರೆ ಬಿಳಿ ಹರಳುಗಳು. ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಹೀರಿ ಸುಸ್ತಾದಾಗ ನೇರಳೆ ಬಣ್ಣಕ್ಕೆ ತಿರುಗುತ್ತವೆ. "ನೇರಳಿ ಹಣ್ಣ ಆತಂದ್ರ ತಗದ ಒಗೀರಿ" ಎನ್ನುತ್ತಿದ್ದರು.

ಆಮೇಲೆ ಬರುತ್ತಿತ್ತು ಹತ್ತರ ಎಣಿಕೆ. ರೋಗಿಯನ್ನು ಒಳಗೆ ತರುವ ಮೊದಲು, ಹೆಚ್ಚಿನ ಗಾಳಿ ಹೊರಹೋಗುವ ವಾಲ್ವನ್ನು ಮುಚ್ಚಬೇಕು. ಎರಡು ಕೊಳವೆ ಕೂಡುವ ಬಾಯಿಗೆ ಹೆಬ್ಬೆರಳು ಒತ್ತಿ ಆಕ್ಸಿಜನ್ ತುಂಬಬೇಕು. ಸೂಜಿ ಮೂವತ್ತಕ್ಕೆ ಏರಬೇಕು, ಏರಿ ಹತ್ತು ಎಣಿಸುವವರೆಗೆ ಅಲ್ಲೇ ನಿಲ್ಲಬೇಕು. ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಈರಪ್ಪನವರ ಹೆಬ್ಬೆರಳು ಆ ಕೊಳವೆಗೆಂದೇ ದೇವರು ಅಳತೆ ತೆಗೆದು ಮಾಡಿದ ಬಿರಡೆಯಂತಿತ್ತು.

ಪರೀಕ್ಷೆ ಮುಗಿದ ಮೇಲೆ ಮುಚ್ಚಿದ ವಾಲ್ವನ್ನು ತೆರೆಯುವುದು ಅದಕ್ಕಿಂತ ಮುಖ್ಯ. ಒಂದು ಸಲ ನನ್ನ ರಜೆಯಲ್ಲಿ ಬಂದಿದ್ದ ಎಳೆಯ ಡಾಕ್ಟರೊಬ್ಬರು ಅದನ್ನು ಮರೆತರು. ರೋಗಿಗೆ ಮಾಸ್ಕ್ ಇಟ್ಟಿದ್ದೇ ತಡ, ಗಾಳಿಗೆ ಹೊರದಾರಿಯಿಲ್ಲದೆ ಉಸಿರಿನ ಚೀಲ ಕುಂಬಳಕಾಯಿಯಷ್ಟು ಊದಿತಂತೆ. ಎಲ್ಲರೂ ಚೀಲ ನೋಡುತ್ತ ನಿಂತಾಗ ಈರಪ್ಪನವರು ಮಾತಾಡದೆ ಮಾಸ್ಕಿನಿಂದ ಕೊಳವೆಯನ್ನೇ ಕಿತ್ತರಂತೆ. ಗಾಳಿ ಬುಸ್ಸೆಂದಿತು, ರೋಗಿಯ ಎದೆ ಇಳಿಯಿತು. "ಬಾಗಲಾ ಹಾಕಿದವ್ರ ಬಾಗಲಾ ತಗೀಬೇಕ್ರಿ ಡಾಕ್ಟರ. ಒಳಗ ಮಂದಿ ಅದಾರ" ಎಂದರಂತೆ. ಆ ಡಾಕ್ಟರು ಅಂದೇ ನನಗೆ ಫೋನು ಮಾಡಿ ಹೇಳಿದರು. ನಾನು ರಜೆ ಮೊಟಕು ಮಾಡಿ ಮಾರನೇ ದಿನವೇ ಬಂದೆ. ಈರಪ್ಪನವರು ನಕ್ಕರು: "ಬಂದ್ರ್ಯಾ? ನಿನ್ನೆ ಆದದ್ದರ ಚಿಂತಿ ಇವತ್ತ ಮಾಡಾಕ?"

ಇಂಥ ಮನುಷ್ಯನ ಮೇಲೆ ಭಾರ ಹಾಕದೆ ಇನ್ನಾರ ಮೇಲೆ ಹಾಕಲಿ? ಅರಿವಳಿಕೆ ಕೊಡುವವರು ಆ ಸೂಜಿಯನ್ನು ತಮ್ಮ ಕಣ್ಣಿನಿಂದಲೇ ನೋಡಬೇಕು ಎಂಬುದು ನಿಯಮ. ಮೊದಲ ವರ್ಷ ಪಕ್ಕದಲ್ಲಿ ನಿಂತು ನೋಡಿದೆ. ಎರಡನೆಯ ವರ್ಷ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಗೋಡೆಯಾಚೆಯಿಂದ ಕೇಳಿದೆ.

ಅದೊಂದು ಸೋಮವಾರ. ಎಂದಿನಂತೆ ಗೋಡೆಯಾಚೆಯಿಂದ ಹತ್ತರ ಎಣಿಕೆ ಕೇಳಿದ್ದೆ. ರೋಗಿ ರತ್ನಮ್ಮ, ಯಶವಂತಪುರದಲ್ಲಿ ಈರುಳ್ಳಿ ಮಂಡಿ ನಡೆಸುವ ಹೆಂಗಸು. ಪಿತ್ತಕೋಶದ ಕಲ್ಲು. ಟೇಬಲ್ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡು, "ಮೇಡಂ, ನಾನು ವಿಪರೀತ ಗೊರಕೆ ಹೊಡೀತೀನಿ. ಒಳಗಿನ ವಿಷ್ಯ, ಯಾರ್ಗೂ ಹೇಳ್ಬೇಡಿ" ಎಂದರು. ಔಷಧ ಕೊಟ್ಟೆ, ನಿದ್ದೆ ಹೋದರು. ಮಾಂಸಖಂಡಗಳನ್ನು ಸಡಿಲಿಸುವ ಔಷಧ ಕೊಟ್ಟ ಮೇಲೆ ಅವರ ಸ್ವಂತ ಉಸಿರು ನಿಂತಿತು. ಗಂಟಲಿಗೆ ಟ್ಯೂಬು ಇಳಿಸಿ ಯಂತ್ರಕ್ಕೆ ಸೇರಿಸಿದೆ. ಇನ್ನು ಆ ಗಾಣದ ಎತ್ತು ತಿರುಗಿದರೆ ಉಸಿರು, ನಿಂತರೆ ಇಲ್ಲ.

ಎರಡು ನಿಮಿಷ ಕಳೆದಿರಬೇಕು. ಯಂತ್ರದ ತಿದಿ ಪೂರ್ತಿ ಮೇಲೇಳುತ್ತಿಲ್ಲ ಅನ್ನಿಸಿತು. ನನಗೆ ದಿನಕ್ಕೆ ನೂರು ಸಲ ಏನಾದರೂ ಅನ್ನಿಸುತ್ತದೆ, ಆದ್ದರಿಂದ ನನ್ನನ್ನು ನಾನೇ ನಂಬಲಿಲ್ಲ. ಮುಂದಿನ ಸಲ ಅದು ಅರ್ಧಕ್ಕೇ ಕುಸಿಯಿತು. ಉಸಿರಿನ ಅಲೆ ತೋರಿಸುವ ಮಾನಿಟರಿನಲ್ಲಿ ಬೆಟ್ಟ ಗುಡ್ಡವಾಯಿತು, ಗುಡ್ಡ ದಿಬ್ಬವಾಯಿತು. ಯಂತ್ರ ಬಿಟ್ಟು ಚೀಲ ಹಿಂಡಿದೆ. ಅದು ಒದ್ದೆ ಬಟ್ಟೆಯಂತೆ ಕೈಯಲ್ಲಿ ಮುದುರಿತು. ಅಲಾರಂ ಕೂಗತೊಡಗಿತು. ನಮ್ಮ ನರ್ಸಿಂಗ್ ಹೋಮಿನ ಒಡೆಯರೂ ಆದ ಸರ್ಜನ್ ಡಾ. ಮುನಿರಾಜು ಕೈಯೆತ್ತಿ ನಿಂತುಬಿಟ್ಟರು.

ವಿಚಿತ್ರವೆಂದರೆ, ನಿಜವಾಗಿ ಕೆಟ್ಟದ್ದಾಗುವಾಗ ನನಗೆ ಭಯವಾಗುವುದಿಲ್ಲ. ಬಹುಶಃ ಭಯವನ್ನೆಲ್ಲ ಮೊದಲೇ ಪಟ್ಟು ಮುಗಿಸಿರುತ್ತೇನೆ. ತಲೆಯ ಬಳಿ ಸದಾ ತೂಗುಹಾಕಿರುವ ಅಂಬು ಬ್ಯಾಗನ್ನು ಬೇರೆ ಸಿಲಿಂಡರಿಗೆ ಸೇರಿಸಿ, ಯಂತ್ರದ ಕೊಳವೆ ಕಳಚಿ, ಕೈಯಿಂದಲೇ ಉಸಿರು ಕೊಡತೊಡಗಿದೆ. ರತ್ನಮ್ಮನ ಎದೆ ಏರಿತು, ಇಳಿಯಿತು. ನಿದ್ದೆ ಹರಿಯದಂತೆ ಸಿಸ್ಟರ್ ಪುಷ್ಪಾ ಇಂಜೆಕ್ಷನ್ ಕೊಟ್ಟಳು. ಈಗ ತಿಳಿಯಬೇಕಾದದ್ದು ತೊಂದರೆ ಯಂತ್ರದಲ್ಲೋ ಗಂಟಲಲ್ಲೋ ಎಂಬುದು. ನನ್ನ ಎರಡೂ ಕೈ ಬ್ಯಾಗಿನ ಮೇಲೆ, ಸೂಜಿ ನನ್ನ ಬೆನ್ನ ಹಿಂದೆ.

"ಈರಪ್ಪನವರೇ, ಕೊಳವೆ ಒತ್ತಿ ಹಿಡಿದು ಗಾಳಿ ತುಂಬಿ."

ಬುಸ್ಸೆಂದು ಆಕ್ಸಿಜನ್ ತುಂಬಿದ ಸದ್ದಾಯಿತು.

"ಒಂದ... ಎರಡ..."

"ಎಣಿಸಬೇಡಿ. ಸೂಜಿ ಎಷ್ಟರಲ್ಲಿದೆ ಹೇಳಿ."

ಬ್ಯಾಗನ್ನು ಎರಡು ಸಲ ಹಿಂಡಿದೆ.

"ಈರಪ್ಪನವರೇ! ಎಷ್ಟು?"

"ಕಾಣವಲ್ದರಿ, ಅಕ್ಕಾರ."

ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪುಷ್ಪಾ ಅವರ ಪಕ್ಕಕ್ಕೆ ಜಿಗಿದು ಓದಿದಳು: "ಇಪ್ಪತ್ತೈದು ಮೇಡಂ... ಹದಿನೆಂಟು... ಹತ್ತು. ಬೀಳ್ತಾನೇ ಇದೆ."

ಯಂತ್ರವೇ ಸೋರುತ್ತಿತ್ತು. ಎಲ್ಲಿ ಎಂದು ಹುಡುಕಿದ್ದೂ ಈರಪ್ಪನವರೇ, ಅದನ್ನು ನಾನು ಮುಚ್ಚಿಡಬಾರದು. ಎರಡೂ ಅಂಗೈಯಿಂದ ಕೊಳವೆ ಸವರುತ್ತ, ಕೀಲು ಕೀಲು ಮುಟ್ಟುತ್ತ ಕೆಳಗೆ ಬಂದವರು ಸುಣ್ಣದ ಡಬ್ಬಿಯ ಬಳಿ ನಿಂತರು. "ಇಲ್ಲಿರಿ." ಆ ಬೆಳಿಗ್ಗೆ ಎಣಿಸುವ ಮೊದಲು ಅವರೇ ಸುಣ್ಣ ಬದಲಿಸಿದ್ದರು. ಡಬ್ಬಿ ಬಿಚ್ಚಿ ರಬ್ಬರಿನ ಬಳೆಯ ಸುತ್ತ ಬೆರಳಾಡಿಸಿ, ಒಂದು ಬಿಳಿ ಹರಳನ್ನು ಉಗುರಿನಿಂದ ಎಬ್ಬಿಸಿ ತೆಗೆದರು. ಸಾಬಕ್ಕಿ ಕಾಳಿನಷ್ಟು. ಅದು ಬಳೆಯ ಕೆಳಗೆ ಸಿಕ್ಕಿ ಡಬ್ಬಿ ಬಿಗಿಯಾಗಿ ಕೂತಿರಲಿಲ್ಲ. ಒರೆಸಿ, ತಿರುಗಿ ಕೂರಿಸಿದರು. ಪುಷ್ಪಾ ಓದಿದಳು: "ಮೂವತ್ತು. ಮೂವತ್ತು. ಮೂವತ್ತೇ ಮೇಡಂ."

ಎಲ್ಲ ಸೇರಿ ನಾಲ್ಕು ನಿಮಿಷ. ರತ್ನಮ್ಮನ ರಕ್ತದಲ್ಲಿನ ಆಕ್ಸಿಜನ್ ತೊಂಬತ್ತೈದರ ಕೆಳಗೆ ಇಳಿಯಲಿಲ್ಲ. ಎಚ್ಚರಾದ ಮೇಲೆ ನಡೆದದ್ದನ್ನು ಅವರಿಗೆ ಮುಚ್ಚದೆ ಹೇಳಿದೆ. ಯಂತ್ರ ಸೋರಿತು, ನಾಲ್ಕು ನಿಮಿಷ ಕೈಯಲ್ಲಿ ಉಸಿರು ಕೊಟ್ಟೆವು ಎಂದೆ. "ಕೈಯಲ್ಲೇನಾ? ಪಾಪ, ಕೈ ನೋಯ್ತೇನೋ" ಎಂದು ನನ್ನ ಬೆರಳು ನೀವಿ, ಮತ್ತೆ ಪಿಸುಗುಟ್ಟಿದರು: "ಗೊರಕೆ ಹೊಡೆದ್ನಾ?"

ಈರಪ್ಪನವರು ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕ್ಯಾಪು ತೆಗೆದು ಕೂತಿದ್ದರು. ನಾನು ಮುಂದೆ ನಿಂತೆ.

"ಎಷ್ಟು ದಿನದಿಂದ ಹೀಗೆ?"

"ಎರಡ ವರ್ಷ ಆತ್ರಿ. ಸಕ್ರಿ ಕಾಯ್ಲೆ, ಕಣ್ಣಿನ ಹಿಂದಿನ ಪರದೆಗೆ ಬಡದೈತಿ ಅಂದ್ರು. ದೊಡ್ಡದೆಲ್ಲಾ ಕಾಣತೈತಿ. ಸೂಜಿ ಕಾಣಂಗಿಲ್ಲ."

"ಮತ್ತೆ ಎರಡು ವರ್ಷ ಏನು ನೋಡಿ ಎಣಿಸಿದ್ರಿ?"

"ಹೆಬ್ಬಟ್ಟಿಗೆ ಗೊತ್ತಾಗತೈತ್ರಿ. ಚೀಲ ಗಟ್ಟಿ ಆಕ್ಕೈತಿ, ಬೆರಳ ಮ್ಯಾಲ ಒತ್ತತೈತಿ. ದೊಡ್ಡ ಸೋರಿಕಿ ಇದ್ರ ಗೊತ್ತಾಗೇ ಆಗತೈತಿ. ಇದು... ಸಣ್ಣದು."

"ದಿನಾ ನನಗೆ ಕೇಳೋ ಹಾಗೆ 'ನಿಂತೈತ್ರಿ' ಅಂತಿದ್ರಲ್ಲ! ನೋಡದೇ ಇರೋದನ್ನ ನಿಂತಿದೆ ಅಂತ ಹೇಳೋಕೆ ನಾಲಿಗೆ ಹೇಗೆ ಬಂತು?"

ಅವರು ತಲೆಯೆತ್ತಿದರು. ಮೊದಲ ಸಲ ಅವರ ಮುಖದಲ್ಲಿ ನೋವು ಕಂಡಿತು, ಅಪವಾದ ಹೊತ್ತವರ ನೋವು.

"ನಿಂತೈತಿ ಅಂದಿಲ್ಲಲ್ರಿ ಅಕ್ಕಾರ. ಕಣ್ಣ ಹ್ವಾದಾಗಿಂದ ಆ ಮಾತ ಬಿಟ್ಟೀನಿ. 'ಆತ್ರಿ' ಅಂತೀನಿ ಅಷ್ಟ. ಎಣಿಸೋದು ಆತು ಅಂತ. ಸುಳ್ಳ ಹೇಳೋದು ನನಗ ಬರಂಗಿಲ್ಲ."

ಹೌದು, ಅವರು 'ಆತ್ರಿ' ಎನ್ನುತ್ತಿದ್ದರು. ನೆನಪು ಮಾಡಿಕೊಂಡರೆ ಅವರ ಗಂಟಲಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಎರಡು ವರ್ಷ ಬೆಳಿಗ್ಗೆ ಬೆಳಿಗ್ಗೆ 'ಆತ್ರಿ' ಎಂದದ್ದನ್ನು ನನ್ನ ಕಿವಿ 'ನಿಂತೈತ್ರಿ' ಎಂದು ತಿದ್ದಿಕೊಂಡು, ಆರಾಮಾಗಿ ಕ್ಯಾಪು ಕಟ್ಟಿಕೊಂಡಿತ್ತು. ಸುಳ್ಳು ಹೇಳದೆ ಮೋಸ ಮಾಡುವುದು ಅಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ಬರೀ ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪದ ಬದಲಿಸುವಷ್ಟು ಎಚ್ಚರ ಅವರಿಗಿತ್ತು, ನನ್ನ ಬಳಿ ಬಂದು ಹೇಳುವಷ್ಟು ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪುಷ್ಪಾ ಇಂಜೆಕ್ಷನ್ ಬಾಟಲಿಗಳ ಹೆಸರನ್ನು ಅವರಿಗೆ ಒಂದು ವರ್ಷದಿಂದ ಓದಿ ಹೇಳುತ್ತಿದ್ದಳಂತೆ. ಸುಣ್ಣ ನೇರಳೆಯಾಯಿತೇ ಎಂದು ನೋಡುತ್ತಿದ್ದವಳೂ ಅವಳೇ. "ನನ್ನ ಹತ್ರ ಯಾಕೆ ಹೇಳಲಿಲ್ಲ ಪುಷ್ಪಾ?" ಎಂದರೆ ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಗೆ ಸುಮ್ನೆ ಟೆನ್ಷನ್ ಆಗುತ್ತೆ ಅಂತ ಮೇಡಂ" ಎಂದಳು.

ಮುನಿರಾಜು ಅವರ ಕೋಣೆಗೆ ಹೋದೆ. ಅವರು ರಾಜಾನುಕುಂಟೆಯ ಹಳೆಯ ಒಕ್ಕಲು ಮನೆತನದವರು. ಇಂಗ್ಲಿಷಿನಲ್ಲಿ ಆಪರೇಷನ್ ಮಾಡಿ ಸಂಕಟದಲ್ಲಿ ಊರ ಮಾತಿಗೆ ಇಳಿಯುತ್ತಾರೆ.

"ನಿಮಗೂ ಗೊತ್ತಿತ್ತಾ ಡಾಕ್ಟ್ರೇ?"

"ಕಣ್ಣು ಸ್ವಲ್ಪ ಮಂದ ಅಂತ ಗೊತ್ತಿತ್ತು ಮೇಡಂ. ಇಂಗಾಯ್ತದೆ ಅಂತ ಯಾರಿಗ್ಗೊತ್ತು?"

"ನನಗೊಂದು ಮಾತು?"

"ನಿಮ್ಗೇಳಿದ್ರೆ ನೀವು ಥಿಯೇಟರ್‌ಗೇ ಬೀಗ ಆಕ್ಸ್ಬಿಡ್ತಿದ್ರಿ. ನೀವು ಅದ್ಯಾತಕ್ಕೆ ಎದ್ರಲ್ಲ ಏಳಿ? ವಾರಕ್ಕೊಂದು ದಪ ಜನರೇಟರ್ ಆನ್ ಮಾಡಿ ತೋರ್ಸು ಅಂತೀರ."

ಎಲ್ಲದಕ್ಕೂ ಹೆದರುವವಳು ಎಂಬ ಕಾರಣಕ್ಕೆ, ಹೆದರಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ಎಲ್ಲರೂ ಸೇರಿ ನನ್ನಿಂದ ಬಚ್ಚಿಟ್ಟಿದ್ದರು. ಅದೂ ಪ್ರೀತಿಯಿಂದ! ಮನೆಗೆ ಹೋಗಿ ಇದನ್ನು ಹೇಳಿದರೆ ನಮ್ಮ ಮನೆಯವರು ನಗು ತಡೆದುಕೊಂಡು ಅಡುಗೆಮನೆಗೆ ಹೋದರು. ಅವರಿಗೂ ಮೊದಲೇ ಗೊತ್ತಿತ್ತೇನೋ ಎಂದು ಒಂದು ವಾರ ಅನುಮಾನಪಟ್ಟೆ.

ನಡೆದದ್ದರ ವರದಿ ಬರೆಯಬೇಕಿತ್ತು. ಮುನಿರಾಜು "ಸುಣ್ಣದ ಹರಳು ಅಂತ ಬರ್ದು ಮುಗ್ಸಿ" ಎಂದರು. ನಾನು ಹರಳನ್ನೂ ಬರೆದೆ, ಕಣ್ಣನ್ನೂ ಬರೆದೆ, ಸೂಜಿಯನ್ನು ಸ್ವತಃ ನೋಡದ ನನ್ನನ್ನೂ ಬರೆದೆ. ಮೂರರಲ್ಲಿ ಕೆಲಸ ಹೋದದ್ದು ಕಣ್ಣಿನದು ಮಾತ್ರ. ಸ್ಟೋರಿನಲ್ಲಿ ಬೇರೆ ಕೆಲಸ ಕೊಡುತ್ತೇವೆ ಎಂದರಂತೆ, ಈರಪ್ಪನವರು ಒಪ್ಪಲಿಲ್ಲ. ಆಮೇಲೆ ಹೊಸ ಯಂತ್ರ ಬಂತು. ಬೆಳಿಗ್ಗೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಪರದೆಯ ಮೇಲೆ ಹಸಿರು ಗೆರೆ ತೋರಿಸುತ್ತದೆ. ನಾನು ಮೂಗು ತಗಲುವಷ್ಟು ಹತ್ತಿರ ನಿಂತು ನೋಡುತ್ತೇನೆ. ಆಮೇಲೆ ಕೊಳವೆಗೆ ಹೆಬ್ಬೆರಳಿಟ್ಟು ಮತ್ತೊಮ್ಮೆ ನಾನೇ ನೋಡುತ್ತೇನೆ. ನನ್ನ ಬೆರಳು ಸಣ್ಣದು, ಸಂದಿಯಲ್ಲಿ ಗಾಳಿ ಸೋರುತ್ತದೆ.

ಎರಡು ತಿಂಗಳ ಮೇಲೆ, ಅವರು ಊರಿಗೆ ಹೊರಟಿದ್ದಾರೆ ಎಂದು ಕೇಳಿ, ಒಂದು ಭಾನುವಾರ ಬೆಳಿಗ್ಗೆ ಸೋಲದೇವನಹಳ್ಳಿಯ ಅವರ ಬಾಡಿಗೆ ಮನೆಗೆ ಹೋದೆ. ಲಾಕರಿನಲ್ಲಿ ಬಿಟ್ಟುಹೋಗಿದ್ದ ಟವೆಲು, ಚಪ್ಪಲಿ ಕೊಡುವ ನೆಪ. ನಿಜವಾಗಿ ಹೋದದ್ದು ಜಗಳಕ್ಕೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಈರಪ್ಪನವರು, "ಅಕ್ಕಾರ ಬಂದ್ರ ನೋಡ. ಮೂರ ಮೆಟ್ಟಲಿಗೊಮ್ಮೆ ನಿಂತ ಹಿಂದ ನೋಡೋವ್ರು ಅವ್ರ ಒಬ್ರ" ಎಂದದ್ದು ಕೇಳಿಸಿತು. ಅವರ ಮನೆಯವರು ನಗುತ್ತ ಬಾಗಿಲು ತೆರೆದು ಚಹಾ ತಂದಿಟ್ಟರು. ಸಾಮಾನೆಲ್ಲ ಗಂಟು ಕಟ್ಟಿತ್ತು. ಈರಪ್ಪನವರು ನನ್ನ ಮುಖದ ಕಡೆಗೆ, ಆದರೆ ಸ್ವಲ್ಪ ಬಲಕ್ಕೆ, ನೋಡುತ್ತ ಕೂತರು.

"ವರದಿಯಾಗ ಬರದದ್ದು ಛಲೋ ಮಾಡಿದ್ರಿ" ಎಂದರು.

ಅವರು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ ಒಂದೇ ಉಳಿಯಿತು. "ಯಾರಿಗೆ ಹೇಳದಿದ್ರೂ ನನಗೆ ಹೇಳಬಹುದಿತ್ತು ಈರಪ್ಪನವರೇ. ನಿಮ್ಮ ಧ್ವನಿ ನಂಬಿಕೊಂಡು ನಾನು ಜನರ ಉಸಿರು ನಿಲ್ಲಿಸ್ತಿದ್ದೆ."

"ಹೇಳಬೇಕಂತ ದಿನಾ ಬರತಿದ್ನಿರಿ." ಚಹಾದ ಲೋಟ ಕೆಳಗಿಡಲು ನೆಲ ತಡವಿದರು. "ನಾನಾಗಿ ಬಾಯಿ ಬಿಡಾಕ ಧೈರ್ಯ ಸಾಲಲಿಲ್ಲ. ನೀವ ಕೇಳಿದ್ರ ಹೇಳಿಬಿಡೂನು ಅಂತ ಮಾಡಿದ್ನಿ. ಡೀಸೆಲ್ ಐತೇನು ಅಂತ ಕೇಳತಿದ್ರಿ. ಸಿಲಿಂಡರ ತುಂಬೈತೇನು ಅಂತ ಕೇಳತಿದ್ರಿ. ನನ್ನ ಊಟ ಆತೇನು ಅಂತ ಸುದ್ದಾ ಕೇಳತಿದ್ರಿ. ಸೂಜಿ ಎಷ್ಟಕ್ಕ ನಿಂತೈತಿ ಅಂತ ಒಂದ ದಿನಾ ಕೇಳಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿಟ್ಟವರು ಅವರು, ಹುಡುಕಿ ತೆಗೆಯುವ ಕೆಲಸ ನನ್ನದಂತೆ! ಹಾಗೆಂದು ಹೇಳಿಯೂ ಬಿಟ್ಟೆ. ಅವರು "ಖರೇ ಐತ್ರಿ" ಎಂದರು, ಅಷ್ಟೇ. ಟವೆಲು ಚಪ್ಪಲಿ ಅಲ್ಲಿಟ್ಟು, ಚಹಾ ಅರ್ಧ ಬಿಟ್ಟು ಎದ್ದು ಬಂದೆ. ಆಮೇಲೆ ಅವರನ್ನು ನೋಡಿಲ್ಲ.

ಅವರು ನನಗೆ ಮೋಸ ಮಾಡಿದರು. ಇಂದಿಗೂ ನನ್ನ ಮಾತು ಅದೇ. ಆದರೆ ಆ ಥಿಯೇಟರಿನಲ್ಲಿ ಕಂಡ ಕಂಡದ್ದಕ್ಕೆಲ್ಲ ಇದ್ಯಾ, ಇಲ್ವಾ, ಆಯ್ತಾ ಎಂದು ಕೇಳಿ ಜನರ ತಲೆ ತಿಂದ ನಾನು, ಅನುಮಾನಪಟ್ಟಂತೆ ಆದೀತು, ಅವರ ಮನಸ್ಸಿಗೆ ನೋವಾದೀತು ಎಂದು, ಹತ್ತು ಎಣಿಸಿದ ಮನುಷ್ಯನನ್ನು "ಎಷ್ಟು?" ಎಂದು ಕೇಳಲಿಲ್ಲ.